ಭೂಕಂಪಕ್ಕೆ ಧೈರ್ಯ ಹೇಳಲು ಹೋದದ್ದು

ನೆಲ ಒಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆಯೂ ನಾನು ಚಿಂತೆ ಮಾಡಿದ್ದೇನೆ. ಶಿರಸಿಯ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ, ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ರಿಕ್ಷಾ ಹಿಡಿದು ತಿರುಗಿ ಹೋದವನು ನಾನು. ಹೋಗಿ ನೋಡಿದರೆ ಗ್ಯಾಸ್ ಬಂದಾಗಿಯೇ ಇತ್ತು. ಆ ಸಮಾಧಾನದಲ್ಲಿ ಹೊರಬಾಗಿಲಿಗೆ ಬೀಗ ಹಾಕುವುದನ್ನು ಮರೆತು ಮತ್ತೆ ಬಸ್ ಸ್ಟ್ಯಾಂಡಿಗೆ ಬಂದೆ. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೆ ಮೇಲೆ ತಿರುಗುವ ಫ್ಯಾನು ಕಳಚಿದರೆ ಯಾರ ಎಲೆಯ ಮೇಲೆ ಬೀಳಬಹುದು ಎಂದು ಅಂದಾಜು ಮಾಡಿ, ಅದರಿಂದ ಎರಡು ಎಲೆ ಆಚೆ ಕೂರುತ್ತೇನೆ. ಯಾರಾದರೂ ಫೋನ್ ಎತ್ತದಿದ್ದರೆ ಅವರಿಗೇನೋ ಆಗಿದೆ ಎಂದು ಹೆದರುತ್ತೇನೆ. ಮೊದಲ ರಿಂಗಿಗೇ ಎತ್ತಿಬಿಟ್ಟರೆ, ಏನೋ ಆಗಿದ್ದಕ್ಕೇ ಫೋನ್ ಕೈಯಲ್ಲಿ ಹಿಡಿದು ಕುಳಿತಿದ್ದಾರೆ ಎಂದು ಹೆದರುತ್ತೇನೆ. ಇಷ್ಟೆಲ್ಲದರ ನಡುವೆ ನೆಲ ಮಾತ್ರ ಹೇಗೋ ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಹೆದರುವವನಿಗೂ ನಿಂತು ಹೆದರಲು ಒಂದು ಜಾಗ ಬೇಕಲ್ಲ, ಅದು ನೆಲ ಎಂದುಕೊಂಡಿದ್ದೆ. ಆ ಒಂದು ಆಧಾರವನ್ನೂ ಕಸಿದುಕೊಂಡವರು ಮನ್ಮನೆಯ ನನ್ನ ಭಾವ.

ಭಾವ ಎಂದರೆ ನನ್ನ ಸಾವಿತ್ರಿ ಅಕ್ಕನ ಗಂಡ. ಸಿದ್ದಾಪುರದ ಹತ್ತಿರದ ಮನ್ಮನೆಯಲ್ಲಿ ಅವರ ಮನೆ. ಮಾತು ಕಡಿಮೆ, ಫೋನು ಇನ್ನೂ ಕಡಿಮೆ. ಅಂಥವರು ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ಬೆಳಿಗ್ಗೆಯೇ ಫೋನ್ ಮಾಡಿದರು. ಹೆಸರು ನೋಡಿಯೇ, ಏನೋ ಆಗಿದೆ ಎಂದುಕೊಂಡು ಮೊದಲ ರಿಂಗಿಗೇ ಎತ್ತಿದೆ.

"ಮಾರಾಯ, ನಿನ್ನ ಅಕ್ಕ ಮನೆ ಬಿಟ್ಟು ಹೋತು," ಎಂದರು.

ನಾನು ಅಲ್ಲೇ ಕುರ್ಚಿ ಹುಡುಕಿ ಕುಳಿತೆ. "ಎಲ್ಲಿಗೆ ಭಾವ?"

"ಕೊಟ್ಟಿಗೆಗೆ."

ವಿಷಯ ಇಷ್ಟು. ಹಿಂದಿನ ವಾರ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮನ್ಮನೆಯಲ್ಲಿ ನೆಲದೊಳಗಿನಿಂದ ಗುಡುಗಿದ ಹಾಗೆ ಸದ್ದಾಯಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅಕ್ಕ ಬಡಿಸುತ್ತಿದ್ದ ಸಾರು ಅನ್ನಕ್ಕೆ ಬೀಳದೆ ಭಾವನ ಪಂಚೆಗೆ ಬಿತ್ತು. ಅಷ್ಟರಲ್ಲಿ ಎಲ್ಲ ಶಾಂತ. ಊರಿನಲ್ಲಿ ಕೆಲವರು ಭೂಕಂಪ ಎಂದರು, ಕೆಲವರು ಎಲ್ಲೋ ಕಲ್ಲಿನ ಕ್ವಾರಿಯಲ್ಲಿ ಸಿಡಿಸಿರಬೇಕು ಎಂದರು. ಭಾವ ಮಾತ್ರ ಲಾರಿ ಎಂದರು. ಆಗ ಆ ರಸ್ತೆಯಲ್ಲಿ ಲಾರಿ ಹೋಗಲಿಲ್ಲವಲ್ಲ ಎಂದು ಅಕ್ಕ ಕೇಳಿದ್ದಕ್ಕೆ, "ಬ್ಯಾರೆ ರಸ್ತೆ ಮೇಲೆ ಹೋಗಿಕ್ಕು" ಎಂದರಂತೆ. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅಕ್ಕನ ಮೊಬೈಲಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಯಾವುದೋ ದೇಶದ ಪರ್ವತವೊಂದು ಬೆಂಕಿ ಕಾರುತ್ತಿತ್ತು. 'ಮೊದಲು ಭೂಕಂಪ, ಆಮೇಲೆ ಇದೇ, ನಿಮ್ಮವರಿಗೆಲ್ಲ ತಿಳಿಸಿ' ಎಂದು ಕೆಳಗೆ ಬರೆದಿತ್ತು. ಅಕ್ಕ ತನ್ನವರಿಗೆಲ್ಲ ತಿಳಿಸಿ, ಹಾಸಿಗೆ ಸುತ್ತಿಕೊಂಡು ಕೊಟ್ಟಿಗೆಗೆ ನಡೆದಳು.

"ಹೆಂಡ್ತಿ ತವರುಮನೆಗೆ ಹೋದ್ರೆ ಕರ್ಕಂಡು ಬಪ್ಪಲಾಗ್ತು," ಎಂದರು ಭಾವ. "ಕೊಟ್ಟಿಗೆಗೆ ಹೋದ್ರೆ ಹ್ಯಾಂಗೆ ಕರೆಯದು? ದಿನಾ ಮೂರು ಹೊತ್ತು ಆನೂ ಅಲ್ಲಿಗೇ ಉಣ್ಣಲೆ ಹೋಗ್ತೆ, ಆಕಳ ಜೊತಿಗೆ. ಊರವ್ವು ನೆಗ್ಯಾಡ್ತ. ಅದರ ಮೇಲೆ ಅದರ ಮೊಣಕಾಲು ನೋವು. ಆ ಥಂಡಿ ನೆಲದ ಮೇಲೆ ಮಲಗಿ ಮಲಗಿ ಈಗ ಗೋಡೆ ಹಿಡ್ಕಂಡು ಏಳ್ತು. ನೀ ಓದಿದವ. ಬಂದು ನಾಕು ಧೈರ್ಯದ ಮಾತು ಹೇಳು."

ಧೈರ್ಯದ ಮಾತು ಹೇಳಲು ನನ್ನನ್ನು ಕರೆಯುತ್ತಿದ್ದಾರೆ ಎಂಬುದು ನನ್ನ ಹೆಂಡತಿ ಶೈಲಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಒಳಗೆ ಹೋಗಿ ನಕ್ಕು ಮುಗಿಸಿ, ಮುಖ ಸರಿಮಾಡಿಕೊಂಡು ಬಂದಳು. "ಹೋಗ್ ಬನ್ನಿ. ಸಾವಿತ್ರಕ್ಕನ ಕಾಲು ನೋವಾದ್ರೂ ಕಮ್ಮಿ ಆಗ್ಲಿ. ನಿಂಗ ಮಾತ್ರ ಅಲ್ಲೇ ಇನ್ನೊಂದು ಹಾಸಿಗೆ ಹಾಸ್ಕಂಡು ಮಲಗಡಿ," ಎಂದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಭೂಕಂಪದ ಬಗ್ಗೆ ನನಗಿದ್ದ ಜ್ಞಾನವೆಂದರೆ ಅದು ತತ್ಪುರುಷ ಸಮಾಸ ಎಂಬುದು. ಭೂಮಿಯ ಕಂಪ, ಭೂಕಂಪ. ಜ್ವಾಲಾಮುಖಿ ಬಹುವ್ರೀಹಿ. ಮೂವತ್ತು ವರ್ಷಗಳಿಂದ ಈ ಎರಡನ್ನೂ ನಾನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೇನೆ. ಬಿಡಿಸುವಾಗ ಒಂದು ದಿನವೂ ಕೈ ನಡುಗಿದ್ದಿಲ್ಲ. ಈಗ ನಮ್ಮ ಶಾಲೆಯ ವಿಜ್ಞಾನದ ಮೇಡಂ ಹತ್ತಿರ ಎಂಟನೇ ತರಗತಿಯ ಪುಸ್ತಕ ಕೇಳಿ ತಂದು ಓದಿದೆ. ನಾನು ಓದಬಾರದಿತ್ತು. ನಾವು ನಿಂತಿರುವ ನೆಲ ಭೂಮಿಯ ಮೇಲಿನ ತೆಳ್ಳನೆಯ ಸಿಪ್ಪೆಯಂತೆ. ಅದೂ ಇಡಿಯಾಗಿಲ್ಲ, ಒಡೆದು ತುಂಡುತುಂಡಾಗಿದೆಯಂತೆ. ಒಂದೊಂದು ತುಂಡಿಗೂ ಫಲಕ ಎಂದು ಹೆಸರು. ಆ ಫಲಕಗಳು ಕೆಳಗಿನ ಬಿಸಿಗೆ ಮೆಲ್ಲಗೆ ಸರಿಯುತ್ತ, ಒಂದನ್ನೊಂದು ದೂಡುತ್ತ, ಉಜ್ಜುತ್ತ ಇರುತ್ತವಂತೆ. ನಮ್ಮ ದೇಶವನ್ನು ಹೊತ್ತ ಫಲಕ ಉತ್ತರಕ್ಕೆ ಹೋಗಿ ಗುದ್ದಿದ್ದರಿಂದಲೇ ಹಿಮಾಲಯ ಎದ್ದು ನಿಂತದ್ದು, ಇನ್ನೂ ಗುದ್ದುತ್ತಲೇ ಇದೆ. ನಾನು ಇಷ್ಟು ವರ್ಷ ನಂಬಿ ನಿಂತಿದ್ದು ಇದರ ಮೇಲೆ.

"ಸರ್, ಅಷ್ಟೆಲ್ಲ ತಲೆ ಕೆಡಿಸ್ಕೋಬೇಡಿ," ಎಂದರು ಮೇಡಂ. "ಅಪಾಯ ಜಾಸ್ತಿ ಇರೋದು ಫಲಕಗಳ ಅಂಚಿನಲ್ಲಿ. ನಾವು ನಡುವೆ ಇದ್ದೇವೆ. ನಮ್ಮ ಕೆಳಗಿರೋದು ತುಂಬ ಹಳೇ ಗಟ್ಟಿ ಕಲ್ಲು. ಯಾವಾಗಾದ್ರೂ ಸಣ್ಣಗೆ ಅಲುಗಬಹುದು, ಅಷ್ಟೇ."

"ಸಣ್ಣಗೆ ಅಂದರೆ ಎಷ್ಟು ಸಣ್ಣಗೆ?" ಎಂದು ಕೇಳಿದೆ. ಗಂಟೆ ಹೊಡೆಯಿತು. ಮೇಡಂ ಕ್ಲಾಸಿಗೆ ಹೋದರು. ಅವರು ಅಷ್ಟು ಬೇಗ ಎದ್ದು ಹೋದದ್ದು ಗಂಟೆಯಿಂದಲೋ ಪ್ರಶ್ನೆಯಿಂದಲೋ ಎಂಬುದು ಮತ್ತೊಂದು ಚಿಂತೆಯಾಗಿ ಉಳಿಯಿತು.

ರವಿವಾರ ಸಿದ್ದಾಪುರದ ಬಸ್ಸು ಹತ್ತಿದೆ. ಪಕ್ಕದ ಕಿಟಕಿಯ ಗಾಜು ಸರಿಯುತ್ತಿರಲಿಲ್ಲ. ಗಾಳಿಗೆ ಕಿವಿ ನೋವಾದೀತೆಂದು ನಾನು ಅದನ್ನು ಮುಂದಕ್ಕೆ ದೂಡಿದೆ. ಅಲ್ಲಾಡಲಿಲ್ಲ. ಎರಡೂ ಕೈ ಕೊಟ್ಟು ದೂಡಿದೆ. ಊಹೂಂ. ಕಾಲನ್ನು ಎದುರು ಸೀಟಿಗೆ ಒತ್ತಿ, ಹಲ್ಲು ಕಚ್ಚಿ ದೂಡುತ್ತ ದೂಡುತ್ತ, ಇನ್ನು ಆಗದು ಎಂದುಕೊಳ್ಳುವಷ್ಟರಲ್ಲಿ ಅದು ಒಮ್ಮೆಲೇ ಧಡ್ ಎಂದು ಸರಿದು ಹೋಗಿ ಮುಂದಿನ ಸೀಟಿನವರ ಮೊಣಕೈಗೆ ಬಡಿಯಿತು. ಅವರು ತಿರುಗಿ ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ. ಆದರೆ ಪುಸ್ತಕದಲ್ಲಿ ಎಷ್ಟು ಓದಿದರೂ ತಿಳಿಯದ ಒಂದು ಸಂಗತಿ ಆ ಕ್ಷಣ ನನಗೆ ತಿಳಿಯಿತು. ಭೂಕಂಪವೆಂದರೆ ಇದೇ. ಫಲಕಗಳು ಒತ್ತುತ್ತ ಇರುತ್ತವೆ, ಕಲ್ಲು ಕಲ್ಲಿಗೆ ಕಚ್ಚಿ ನಿಂತಿರುತ್ತದೆ, ಒತ್ತಡ ಒಳಗೇ ತುಂಬುತ್ತದೆ. ತಡೆಯುವಷ್ಟು ತಡೆದು ಒಂದು ದಿನ ಕಚ್ಚಿದ್ದು ಬಿಟ್ಟುಕೊಳ್ಳುತ್ತದೆ. ಇಷ್ಟು ಕಾಲ ಕೂಡಿಟ್ಟದ್ದೆಲ್ಲ ಒಂದು ಕ್ಷಣದಲ್ಲಿ ಹೊರಗೆ. ಮೊಣಕೈ ಯಾರದಾದರೂ ಆಗಬಹುದು.

ಸಿದ್ದಾಪುರಕ್ಕೆ ಭಾವ ಸ್ಕೂಟರ್ ತಂದಿದ್ದರು. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು. "ಮನೆ ಗಟ್ಟಿ ಇದ್ದು ಹೇಳು. ಅಷ್ಟು ಹೇಳಿದ್ರೆ ಸಾಕು." ಆ ಮಾತಿನ ಹಿಂದೆ ಎಷ್ಟು ನೋವಿತ್ತೆಂದು ನನಗೆ ಗೊತ್ತಿತ್ತು. ಹಳೆಯ ಹೆಂಚಿನ ಮನೆ ಕೆಡವಿ ಭಾವ ಸ್ಲ್ಯಾಬ್ ಮನೆ ಕಟ್ಟಿಸಿ ಮೂರು ವರ್ಷವಾಗಿಲ್ಲ. ಮಾತು ಕಡಿಮೆಯಾದ ಆ ಮನುಷ್ಯ ತನಗೆ ಹೇಳಬೇಕೆನಿಸಿದ್ದನ್ನೆಲ್ಲ ಸಿಮೆಂಟಿನಲ್ಲಿ ಹೇಳಿದ್ದಾರೆ. ಮುಖ ಕಾಣುವಂಥ ನುಣುಪು ಟೈಲ್ಸು, ಎದುರಿಗೆ ಎರಡು ದಪ್ಪ ಕಂಬ, ಮೇಲೆ ಹತ್ತಿ ನಿಲ್ಲಲು ತಾರಸಿ. ಅಂಥ ಮನೆಯನ್ನು ನಂಬದೆ ಹೆಂಡತಿ ಕೊಟ್ಟಿಗೆಯ ತಗಡಿನ ಕೆಳಗೆ ಹೋಗಿ ಮಲಗಿದರೆ ಯಾವ ಗಂಡಸು ತಡೆದುಕೊಂಡಾನು?

ಕೊಟ್ಟಿಗೆಯಲ್ಲಿ ಅಕ್ಕನ ಸಂಸಾರ ನೋಡಿ ನಾನು ಬೆರಗಾದೆ. ಅವಳು ಓಡಿ ಬಂದವಳ ಹಾಗೆ ಇರಲಿಲ್ಲ, ವರ್ಗವಾಗಿ ಬಂದವಳ ಹಾಗಿದ್ದಳು. ಗೌರಿ ಎಂಬ ಆಕಳು ಒಂದು ಬದಿಗೆ, ಅಕ್ಕ ಇನ್ನೊಂದು ಬದಿಗೆ. ಮೊಳೆಗೆ ಕ್ಯಾಲೆಂಡರ್ ತೂಗುತ್ತಿತ್ತು. ಹಾಲು ಕರೆಯುವ ಮೆಷಿನ್ನಿನ ಪ್ಲಗ್ಗಿಗೆ ಮೊಬೈಲ್ ಚಾರ್ಜಿಗೆ ಹಾಕಿತ್ತು. ಆಕಳಿಗೆ ಬೇಯಿಸಿ ಹಾಕುವ ಒಲೆಯ ಮೇಲೆ ದುಂಡು ಮಡಕೆಯನ್ನು ಬೋರಲು ಹಾಕಿಕೊಂಡು ಅಕ್ಕ ತೊಡೆದೇವು ಮಾಡುತ್ತಿದ್ದಳು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟಿಗೆ ಬಟ್ಟೆ ಅದ್ದಿ ಕಾದ ಮಡಕೆಯ ಬೆನ್ನಿಗೆ ಒಮ್ಮೆ ಸವರುತ್ತಾಳೆ. ಸವರಿದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಾಗದಕ್ಕಿಂತ ತೆಳ್ಳಗೆ ಏಳುತ್ತದೆ. ತುಪ್ಪ ಹಚ್ಚಿ, ಸಕ್ಕರೆ ಪುಡಿ ಉದುರಿಸಿ ಮಡಚಿ ತಟ್ಟೆಗೆ ಹಾಕುತ್ತಾಳೆ. ಶಿರಸಿ ಸೀಮೆಯಲ್ಲಿ ಇದನ್ನು ಅಕ್ಕನಷ್ಟು ತೆಳ್ಳಗೆ ಮಾಡುವವರಿಲ್ಲ.

"ಬಾ ಅಪ್ಪಿ, ಕುತ್ಗ," ಎಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ಐವತ್ತು ದಾಟಿದ ನನ್ನನ್ನು ಅಪ್ಪಿ ಎಂದು ಕರೆಯುವವಳು ಈಗ ಅವಳೊಬ್ಬಳೇ. "ನಿನ್ನ ಭಾವ ಕರ್ಸಿದ್ದ ಅಲ್ದಾ? ಎಂತ ಹೇಳವು ಹೇಳಿ ದಾರಿ ಮೇಲೆ ಕಲಿಸಿಕ್ಕು."

"ಹಾಂಗೆಂತ ಇಲ್ಲೆ ಅಕ್ಕ. ಮನೆ ಗಟ್ಟಿ ಇದ್ದು," ಎಂದೆ. ಭಾವ ಬಾಗಿಲ ಬದಿಗೆ ನಿಂತು ತಲೆ ಆಡಿಸಿದರು.

"ಗಟ್ಟಿ ಇದ್ದಿದ್ದೇ ಹೆದರಿಕೆ. ಹೆಂಚಿನ ಮನೆ ಆಗಿದ್ರೆ ಒಂದೊಂದೇ ಹೆಂಚು ಬೀಳ್ತಿತ್ತು, ಬೀಳದು ಕಾಣ್ತಿತ್ತು, ಓಡಲಾಗ್ತಿತ್ತು. ಈ ಸ್ಲ್ಯಾಬು ಬಿದ್ರೆ ಎಲ್ಲಾ ಒಟ್ಟಿಗೇ ಬೀಳ್ತು. ಈ ತಗಡು ಬಿದ್ರೆ ತಲೆಗೊಂದು ಗಾಯ, ಅಷ್ಟೇಯ."

"ಅಕ್ಕ, ಸರಿಯಾಗಿ ಕಟ್ಟಿದ ಸ್ಲ್ಯಾಬ್ ಮನೆ ಭೂಕಂಪಕ್ಕೆ ಬೀಳ್ತಿಲ್ಲೆ," ಎಂದೆ ನಾನು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಧೈರ್ಯದ ಮಾತುಗಳಿಗೆಲ್ಲ ಒಂದು ಬಾಲ ಇರುತ್ತದೆ, ಅದನ್ನು ಒಳಗೆ ಎಳೆದುಕೊಳ್ಳಲು ನನಗೆ ಬರುವುದಿಲ್ಲ. "ಆದ್ರೆ, ಕಂಬದ ಕಬ್ಬಿಣ ಸರಿ ಇರವು. ಸಿಮೆಂಟಿಗೆ ನೀರು ಸರಿ ಹೊಡದಿರವು."

ಅಕ್ಕ ಗಂಡನ ಕಡೆ ತಿರುಗಿದಳು. "ನೀರು ಸರಿ ಹೊಡದಿದ್ರಾ?"

"ಹೊಡದಿದ್ದೆ," ಎಂದರು ಭಾವ, ನನ್ನನ್ನು ನೋಡುತ್ತ. ಆ ನೋಟ ಬಸ್ಸಿನ ಮೊಣಕೈಯವರ ನೋಟಕ್ಕಿಂತ ಕಡಿಮೆಯೇನೂ ಇರಲಿಲ್ಲ.

ನಾನು ವಿಷಯ ಬದಲಿಸಲು ನೆಲದ ಕಥೆ ತೆಗೆದೆ. ಅಕ್ಕನ ಮಡಕೆಯೇ ಎದುರಿಗಿತ್ತು. "ಭೂಮಿ ಅಂದ್ರೆ ಈ ಮಡಕೆ ಅಂದ್ಕ. ಒಳಗೆ ಕಾವು. ನಂಗ ನಿಂತಿದ್ದು ಅದರ ಮೇಲಿನ ತೊಡೆದೇವಿನ ಮೇಲೆ. ಈ ತೊಡೆದೇವು ಅಲ್ಲಲ್ಲಿ ಒಡೆದು ಹೋಳಾಗಿ, ಹೋಳು ಹೋಳು ಸರೀತಾ ಇರ್ತು."

"ನನ್ನ ತೊಡೆದೇವು ಒಡೆತಿಲ್ಲೆ," ಎಂದಳು ಅಕ್ಕ.

"ಹೋಲಿಕೆಗೆ ಹೇಳದು ಅಕ್ಕ. ಎಷ್ಟು ಮೆಲ್ಲಗೆ ಸರೀತು ಅಂದ್ರೆ, ನಮ್ಮ ಉಗುರು ಬೆಳೆದಷ್ಟು ಮೆಲ್ಲಗೆ."

"ಉಗುರು ಬೆಳೆದಷ್ಟು ಮೆಲ್ಲಗೆ ಹೋಗ್ತು ಅಂದ್ರೆ ಎಂತಕ್ಕೆ ನಡುಗವು? ನನ್ನ ಉಗುರು ಬೆಳೆಯಕಾರೆ ಆನು ನಡುಗಿದ್ದಿಲ್ಲೆ."

ಆಗ ಬಸ್ಸಿನ ಕಿಟಕಿಯ ಕಥೆ ಹೇಳಿದೆ. ಮೊಣಕೈ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಿ ಹೇಳಿದೆ. ಅಕ್ಕ ಬಟ್ಟೆ ಹಿಡಿದ ಕೈ ನಿಲ್ಲಿಸಿ ಕೇಳಿದಳು. ಅವಳಿಗೆ ಪೂರ್ತಿ ಅರ್ಥವಾಯಿತೆಂದು ಮುಖದಲ್ಲೇ ಕಂಡಿತು.

"ಗೊತ್ತಾತು. ಇವರ ಹಾಂಗೇಯ," ಎಂದು ಬಾಗಿಲ ಕಡೆ ಗಲ್ಲ ತೋರಿಸಿದಳು. "ಆರು ತಿಂಗಳು ಒಂದು ಮಾತಿಲ್ಲೆ. ಒಂದಿನ ಸಾರಿಗೆ ಉಪ್ಪು ಕಡಿಮೆ ಆದ್ರೆ, ಮದುವೆ ದಿನದಿಂದ ಹಿಡಿದು ಎಲ್ಲಾ ಒಟ್ಟಿಗೇ ಬತ್ತು."

ಭಾವ ಏನೂ ಹೇಳಲಿಲ್ಲ. ಒತ್ತಡ ಕೂಡಿಡುತ್ತಿದ್ದಾರೆಂದು ತೋರಿತು.

ಇಲ್ಲಿಯವರೆಗೆ ಪಾಠ ಚೆನ್ನಾಗಿಯೇ ನಡೆದಿತ್ತು. ಹುರುಪಿನಲ್ಲಿ ನಾನು ವಿಡಿಯೋದ ಬೆಂಕಿಗೂ ಉತ್ತರ ಹೇಳಿಬಿಡೋಣ ಎಂದು ಹೊರಟೆ. "ಇನ್ನು ಆ ಜ್ವಾಲಾಮುಖಿ. ಜ್ವಾಲಾಮುಖಿ ಅಂದ್ರೆ ಬೆಂಕಿ ಉಗುಳೋ ಬೆಟ್ಟ. ಅದರ ಬಗ್ಗೆ ಚಿಂತೆ ಬ್ಯಾಡ. ನಮ್ಮ ಕಡೆಗೆ ಬೆಟ್ಟವೇ ಇಲ್ಲೆ."

ಬಾಗಿಲಿಗೆ ಒರಗಿದ್ದ ಭಾವ ನೆಟ್ಟಗಾದರು.

"ಬೆಟ್ಟ ಇಲ್ಲೆ ಹೇಳಿ ಯಾರು ಹೇಳಿದ್ದು?"

"ಪುಸ್ತಕದಲ್ಲೇ ಇದ್ದು ಭಾವ."

"ಪುಸ್ತಕದಲ್ಲಿ ಹ್ಯಾಂಗೆ ಬರೀತ ಅವ್ವು? ಅಜ್ಜನ ಕಾಲದಿಂದ ಸೊಪ್ಪು ತಂದಿದ್ಯ, ದರಕು ಗುಡಿಸಿದ್ಯ. ಇವತ್ತಿಗೂ ಬೇಲಿ ನನ್ನದೇ ಇದ್ದು."

ಭಾವ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅವರ ಗೃಹಪ್ರವೇಶದ ದಿನವೇ ಕೊನೆ. ಆದರೂ ನನಗೆ ಹೊಳೆಯಲಿಲ್ಲ. "ಇದ್ರೂ ಅದು ತಣಿದು ಹೋದ ಬೆಟ್ಟ ಭಾವ. ಅದರಲ್ಲಿ ಬೆಂಕಿ ಇಲ್ಲೆ," ಎಂದು ಸಮಾಧಾನ ಮಾಡಿದೆ.

"ಬೆಂಕಿ ಇಲ್ಲೆ ಹೇಳ್ತ್ಯಲ, ಹೋದ ಬ್ಯಾಸಿಗೆಗೆ ಅರ್ಧ ಬೆಟ್ಟ ಕರಕಲಾತು," ಎಂದಳು ಅಕ್ಕ. "ಯಾರೋ ಬೀಡಿ ಸೇದಿ ಒಗೆದಿದ್ದ."

"ಬೀಡಿಯಿಂದ ಜ್ವಾಲಾಮುಖಿ ಆಗ್ತಿಲ್ಲೆ ಅಕ್ಕ."

"ನಿಂಗೆಂತ ಗೊತ್ತಿದ್ದು, ಪ್ಯಾಟೆಲಿ ಇಪ್ಪವಂಗೆ. ದರಕು ಒಣಗಿದ ಮೇಲೆ ಒಂದು ಕಿಡಿ ಸಾಕ್ತು."

ಹೊರಗಿನವರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ಎತ್ತರಕ್ಕೆ ಎದ್ದು ನಿಂತದ್ದು ಗುಡ್ಡ. ಬೆಟ್ಟ ಎಂದರೆ ಬೇರೆ. ತೋಟದ ಜೊತೆಗೆ ಸೊಪ್ಪು, ದರಕು ಎನ್ನುವ ಒಣಗಿದೆಲೆ ತರಲು ಹಕ್ಕಿರುವ ಕಾಡು. ಅದು ಚಪ್ಪಟೆಯಾಗಿ ಅಂಗಳದ ಹಾಗೆ ಬಿದ್ದುಕೊಂಡಿದ್ದರೂ ಬೆಟ್ಟವೇ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಮಕ್ಕಳಿಗೆ ಬೆಟ್ಟ ಎಂದರೆ ಪರ್ವತ ಎಂದು ಕಲಿಸಿ ಕಲಿಸಿ ನನಗೇ ಮರೆತುಹೋಗಿತ್ತು. ಹಾಗಾಗಿ, ಬೆಂಕಿ ಉಗುಳುವಂಥದ್ದು ಇಲ್ಲ ಎಂಬರ್ಥದಲ್ಲಿ ನಾನು 'ಬೆಟ್ಟವೇ ಇಲ್ಲೆ' ಎಂದದ್ದನ್ನು ಭಾವ, ಹಕ್ಕು ಕಸಿಯಲು ಬಂದ ಅರಣ್ಯ ಇಲಾಖೆಯ ಬಾಯಿಂದ ಬಂದ ಮಾತಿನ ಹಾಗೆ ಕೇಳಿದ್ದರು. ಆ ಗೊಂದಲ ಬಿಡಿಸುವಷ್ಟರಲ್ಲಿ ಅವರ ತಲೆಯಲ್ಲಿ ಇನ್ನೆರಡು ಪ್ರಶ್ನೆ ಹುಟ್ಟಿದ್ದವು. ಒಂದು, ಆ ವಿಡಿಯೋದ ದೇಶದವರಿಗೆ ಬೆಂಕಿ ಹಬ್ಬದ ಹಾಗೆ ಮೊದಲೇ ಬೆಂಕಿ ರೇಖೆ ಕಡಿಯಲು ಎಂತ ಆಗಿತ್ತು. ಇನ್ನೊಂದು, ಅಲ್ಲಿ ಬೆಟ್ಟ ಯಾರ ಹೆಸರಿನಲ್ಲಿ ಇರುತ್ತದೆ.

"ಗುಡ್ಡ ಭಾವ, ಗುಡ್ಡ," ಎಂದೆ. "ನೆಲದ ಒಳಗೆ ಕಲ್ಲು ಕರಗಿ ಪಾಕ ಆಗಿರ್ತು. ಅದರಲ್ಲಿ ಗಾಳಿ ಸಿಕ್ಕಿಹಾಕ್ಕಂಡಿರ್ತು. ಅದು ದಾರಿ ಹುಡುಕಿ ಮೇಲೆ ಬತ್ತು."

"ಜೋನಿಬೆಲ್ಲದ ಡಬ್ಬಿ," ಎಂದಳು ಅಕ್ಕ ತಟ್ಟನೆ, ಮನೆಯ ನೀರುಬೆಲ್ಲವನ್ನು ನೆನೆದು. "ಹುಳಿ ಬಂದ್ರೆ ಒಳಗೆ ಗಾಳಿ ತುಂಬ್ತು. ಮುಚ್ಚಳ ಸಡಿಲ ಇದ್ರೆ ಸುಮ್ನೆ ಉಕ್ಕಿ ಡಬ್ಬಿ ಮೈಮೇಲೆ ಇಳೀತು. ಬಿಗಿ ಹಾಕಿದ್ರೆ ಮುಚ್ಚಳ ಹಾರಿ ಮಾಡಿಗೆ ಹೊಡೀತು."

ನಾನು ದಂಗಾದೆ. ಪುಸ್ತಕದಲ್ಲಿ ಎರಡು ಬಗೆಯ ಜ್ವಾಲಾಮುಖಿ ಎಂದು ಇಡೀ ಪುಟ ಬರೆದಿದ್ದು ಇದನ್ನೇ. ಪಾಕ ತೆಳ್ಳಗಿದ್ದು ಗಾಳಿ ಸುಲಭವಾಗಿ ಹೊರಟುಹೋದರೆ ಲಾವಾ ಸುಮ್ಮನೆ ಹರಿಯುತ್ತದೆ. ಗಟ್ಟಿಯಿದ್ದು ಗಾಳಿ ಒಳಗೇ ಉಳಿದರೆ ಸಿಡಿಯುತ್ತದೆ. ಈಗ ಅಕ್ಕನ ಮುಖದಲ್ಲಿ ಹೆದರಿಕೆ ಅರ್ಧಕ್ಕರ್ಧ ಇಳಿದಿತ್ತು. ಏನೆಂದು ಗೊತ್ತಾದ ಮೇಲೆ ಯಾವುದೂ ಅಷ್ಟು ದೊಡ್ಡದಲ್ಲ. "ಹಾಂಗಾರೆ ನಮ್ಮ ಕಡೆ ಅದು ಇಲ್ಲೆ ಹೇಳಾತು," ಎಂದಳು.

ಇಲ್ಲೆ, ಎಂದರೆ ಮುಗಿದಿತ್ತು. ಅಕ್ಕ ಆಗಲೇ ಹಾಸಿಗೆಯ ಕಡೆ ನೋಡಿದ್ದಳು. ಭಾವ ಆಗಲೇ ಅದನ್ನು ಎತ್ತಲು ಒಂದು ಹೆಜ್ಜೆ ಇಟ್ಟಿದ್ದರು.

"ಇಲ್ಲೆ. ಆದ್ರೆ," ಎಂದೆ ನಾನು, "ಬೆಳಗಾವಿಯಿಂದ ಆಚೆ ಒಂದು ಕಾಲದಲ್ಲಿ ಲಾವಾ ಹರಿದಿತ್ತಡ. ಅಲ್ಲಿಯ ಕಪ್ಪು ಕಲ್ಲೆಲ್ಲ ಅದೇಯ."

ಭಾವನ ಕಾಲು ನಿಂತಿತು.

"ಬೆಳಗಾವಿಯ?" ಎಂದಳು ಅಕ್ಕ. "ದೊಡ್ಡಮ್ಮನ ಮಗಳು ಅಲ್ಲೇ ಇದ್ದು. ಎಂತದೂ ಹೇಳಿದ್ದಿಲ್ಲೆ ಅದು."

"ಆರೇಳು ಕೋಟಿ ವರ್ಷ ಆತು ಅಕ್ಕ."

"ಆದ್ರೂ ಒಂದು ಮಾತು ಹೇಳಲಾಗ್ತಿತ್ತು," ಎಂದು ಅಕ್ಕ ಮತ್ತೆ ಮಡಕೆಗೆ ತಿರುಗಿದಳು.

ಹೋದ ಮರ್ಯಾದೆಯನ್ನು ವಿಜ್ಞಾನದಿಂದಲೇ ಮರಳಿ ಪಡೆಯಬೇಕೆಂದು ನಾನು ಮುನ್ನೆಚ್ಚರಿಕೆಯ ಪಾಠ ಹಿಡಿದೆ. ನೆಲ ನಡುಗಿದರೆ ಓಡಬಾರದು. ಒಳಗಿದ್ದರೆ ಗಟ್ಟಿ ಮೇಜಿನ ಕೆಳಗೆ ತೂರಿ ತಲೆ ಕಾಯ್ದುಕೊಂಡು, ಮೇಜಿನ ಕಾಲು ಹಿಡಿದು ಕೂರಬೇಕು. ನಡುಕ ನಿಂತ ಮೇಲೆ ನಿಧಾನವಾಗಿ ಬಯಲಿಗೆ ಬರಬೇಕು. ಗಾಬರಿಯಾಗಬಾರದು, ಅದೇ ಮುಖ್ಯ. ಇದನ್ನೆಲ್ಲ ನಾನು ಕಾಲಮೇಲೆ ಕಾಲು ಹಾಕಿಕೊಂಡು, ತೊಡೆದೇವಿನ ತಟ್ಟೆ ಕೈಯಲ್ಲಿ ಹಿಡಿದು, ಶಾಂತವಾಗಿ ಹೇಳಿದೆ. ಜೊತೆಗೆ, ಭೂಕಂಪದಲ್ಲಿ ಮೊದಲು ವೇಗದ ಸಣ್ಣ ಅಲೆಯೊಂದು ಬರುತ್ತದೆ, ನಮಗೆ ಅದು ತಿಳಿಯುವುದೇ ಕಷ್ಟ, ಕೆಲವು ಪ್ರಾಣಿಗಳಿಗೆ ತಿಳಿಯುತ್ತದಂತೆ, ಅದರ ಹಿಂದೆ ನಿಧಾನದ ದೊಡ್ಡ ಅಲೆ ಬಂದು ಅಲ್ಲಾಡಿಸುತ್ತದೆ ಎಂದೂ ಹೇಳಿದೆ.

"ಅದಕ್ಕೇ ಆನು ಇಲ್ಲಿ ಮಲಗದು," ಎಂದಳು ಅಕ್ಕ. "ಗೌರಿಗೆ ಮೊದ್ಲು ಗೊತ್ತಾಗ್ತು."

ಅಷ್ಟು ಹೇಳಿ ಅವಳ ಬಾಯಿ ಮುಚ್ಚಿತ್ತೋ ಇಲ್ಲವೋ, ಮಲಗಿದ್ದ ಗೌರಿ ಕಿವಿ ನಿಮಿರಿಸಿ ಧಡಕ್ಕನೆ ಎದ್ದು ನಿಂತಿತು. ಸರಪಳಿ ಝಣ್ ಎಂದಿತು.

ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ, ಮಾಡಿದ್ದೇನೆ ಅಷ್ಟೇ. ನನಗೆ ಮತ್ತೆ ಸ್ಮೃತಿ ಬಂದಾಗ ಅಂಗಳದ ನಟ್ಟನಡುವೆ ನಿಂತಿದ್ದೆ. ಒಂದು ಕಾಲಿನ ಚಪ್ಪಲಿ ಕೊಟ್ಟಿಗೆಯಲ್ಲೇ ಇತ್ತು. ಸ್ಟೀಲಿನ ತಟ್ಟೆ ತಲೆಯ ಮೇಲೆ ಬೋರಲಾಗಿತ್ತು, ಅದರಲ್ಲಿದ್ದ ತೊಡೆದೇವು ಹೆಗಲ ಮೇಲಿತ್ತು, ಸಕ್ಕರೆ ಪುಡಿ ಕೂದಲಿನಿಂದ ಕನ್ನಡಕದ ಮೇಲೆ ಉದುರುತ್ತಿತ್ತು. ಕೊಟ್ಟಿಗೆಯೊಳಗೆ ಗೌರಿ ಬಾಲ ಎತ್ತಿ, ತಾನು ಎದ್ದಿದ್ದ ಕೆಲಸವನ್ನು ನಿಧಾನವಾಗಿ ಮುಗಿಸಿ, ಮತ್ತೆ ಮಲಗಿತು.

ಮೊದಲು ನಕ್ಕವರು ಭಾವ. ಅವರು ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಅಕ್ಕ ನಗಲಿಲ್ಲ. ಗೋಡೆ ಹಿಡಿದು ಎದ್ದು, ಕುಂಟುತ್ತ ಬಂದು, ಸೆರಗಿನಲ್ಲಿ ನನ್ನ ಕನ್ನಡಕ ಒರೆಸಿದಳು.

"ನಿಂಗೂ ಹೆದರಿಕೆಯನಾ?" ಎಂದು ಸಣ್ಣಗೆ ಕೇಳಿದಳು.

"ಇಲ್ಲೆ," ಎಂದೆ. ತಲೆಯ ಮೇಲೆ ಸಕ್ಕರೆ ಇಟ್ಟುಕೊಂಡು ಅದಕ್ಕಿಂತ ಹೆಚ್ಚು ಸುಳ್ಳು ಹೇಳಲಾಗಲಿಲ್ಲ.

ಊಟವಾಯಿತು, ಕೊಟ್ಟಿಗೆಯಲ್ಲೇ. ಭಾವನಿಗೆ ನನ್ನ ಮೇಲಿನ ಆಸೆ ಹೋಗಿತ್ತು, ಆದರೂ ನೆಂಟ. "ಒಳಗೆ ಹೋಗಿ ಸ್ವಲ್ಪ ಅಡ್ಡಾಗು. ಸಂಜೆ ಬಸ್ಸಿಗೆ ಬಿಡ್ತೆ," ಎಂದು ಮನೆಯ ಕಡೆ ಕೈ ತೋರಿಸಿದರು. ನಾನು ಆ ಎರಡು ದಪ್ಪ ಕಂಬಗಳ ನಡುವೆ ಮೆಟ್ಟಿಲು ಹತ್ತಿ ಹೊಸಿಲಿಗೆ ಬಂದೆ. ಒಳಗೆ ಟೈಲ್ಸ್ ಮಿನುಗುತ್ತಿತ್ತು, ಯಾರೂ ಇರಲಿಲ್ಲ. ತಲೆ ಎತ್ತಿ ನೋಡಿದೆ. ಈ ಮನೆಗೆ ಎಷ್ಟೋ ಸಲ ಬಂದಿದ್ದೇನೆ, ಆದರೆ ಈ ಸ್ಲ್ಯಾಬನ್ನು ಕಂಡದ್ದು ಅದೇ ಮೊದಲು. ಅದು ಇಷ್ಟು ಅಗಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮೂಲೆಯಲ್ಲೊಂದು ಕೂದಲೆಳೆಯಷ್ಟು ಬಿರುಕು ಇದ್ದಂತಿತ್ತು. ಜೇಡನ ಬಲೆಯೂ ಇರಬಹುದು. ಜೇಡಕ್ಕಾದರೂ ಧೈರ್ಯ ಇದೆಯಲ್ಲ ಎಂದುಕೊಂಡೆ. ಒಂದು ಕಾಲು ಒಳಗಿಟ್ಟೆ. ಇನ್ನೊಂದು ಬರಲಿಲ್ಲ. ಮೇಡಂ ಹೇಳಿದ ಹಳೇ ಗಟ್ಟಿ ಕಲ್ಲನ್ನು ನೆನೆದೆ. ಪುಸ್ತಕದ ಸಾಲುಗಳನ್ನು ಒಂದೊಂದಾಗಿ ನೆನೆದೆ. ನೆನಪಾದ ಪ್ರತಿ ಸಾಲಿನ ಕೊನೆಗೂ ಒಂದು ಆದರೆ ಇತ್ತು. ಹೀಗೆ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು, ಚೌಕಟ್ಟು ಹಿಡಿದು, ನೋಡುವವರಿಗೆ ಗಾಳಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಕಾಣುವಂತೆ ನಿಂತಿದ್ದೆ.

ಹಿಂದಿನಿಂದ ಅಕ್ಕನ ದನಿ ಬಂತು. "ಒಬ್ನೇ ಒಳಗೆ ಹೋಗಲೆ ಆಗ್ತಿಲ್ಯಾ ಅಪ್ಪಿ?"

ಚಿಕ್ಕಂದಿನಲ್ಲಿ ಬಚ್ಚಲುಮನೆಗೆ ಒಬ್ಬನೇ ಹೋಗಲು ಹೆದರಿ ನಿಂತಾಗ ಕೇಳುತ್ತಿದ್ದ ಅದೇ ದನಿ. ಆಗ ಅವಳಿಗೂ ಹೆದರಿಕೆ ಇತ್ತು. ಆದರೆ ನನ್ನ ಹೆದರಿಕೆ ದೊಡ್ಡದಿದ್ದರಿಂದ ತನ್ನದನ್ನು ಅವಳು ಬದಿಗಿಡಬೇಕಾಗುತ್ತಿತ್ತು. ಅಕ್ಕ ತಿರುಗಿ ಕೊಟ್ಟಿಗೆಗೆ ಹೋದಳು. ಬರುವಾಗ ಬಗಲಲ್ಲಿ ದಿಂಬು ಇತ್ತು. ನನ್ನನ್ನು ದಾಟಿ ಹೊಸಿಲು ದಾಟಿ ಒಳಗೆ ಹೋಗಿ, ಸ್ಲ್ಯಾಬಿನ ಸರಿಯಾಗಿ ನಡುವೆ ನಿಂತು, "ಬಾ, ಆನಿದ್ದೆ," ಎಂದಳು.

ನಾನು ಒಳಗಿನ ಕೋಣೆಯಲ್ಲಿ ಮಲಗಿದೆ. ಅಕ್ಕ ಹೊರಗಿನ ಸೋಫಾದಲ್ಲಿ ಒರಗಿದಳು. "ಎಂತಾರೂ ಆದ್ರೆ ಕರಿ," ಎಂದಳು, ಹೇಳುತ್ತ ಹೇಳುತ್ತಲೇ ಗೊರಕೆ ಶುರುವಾಯಿತು. ಕೊಟ್ಟಿಗೆಯಲ್ಲಿ ಅವಳಿಗೆ ನಿದ್ದೆಯೇ ಆಗಿರಲಿಲ್ಲವಂತೆ. ಅವಳ ಗೊರಕೆಗೆ ಕಿಟಕಿಯ ಗಾಜು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅದು ಗೊರಕೆಯೇ ಎಂದು ಎರಡು ಸಲ ಎದ್ದು ಹೋಗಿ ಖಾತ್ರಿ ಮಾಡಿಕೊಂಡು ಬಂದೆ. ನಾಲ್ಕು ಗಂಟೆಗೆ ಅವಳು ಎದ್ದು, ಮನೆಯೊಳಗಿನ ಅಡುಗೆಮನೆಯಲ್ಲಿ ಚಾ ಮಾಡಿದಳು. ನಾನು ಹೊರಡುವಷ್ಟರಲ್ಲಿ ಭಾವ ಕ್ಯಾಲೆಂಡರನ್ನು ಒಳಗೆ ತಂದು ಹಳೆಯ ಮೊಳೆಗೆ ಹಾಕಿದ್ದರು. ಬಸ್ಸಿನವರೆಗೆ ಬಿಡಲು ಬಂದವರು ಸ್ಕೂಟರ್ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ಏನೋ ಹೇಳಲು ಹೊರಟು ಹೇಳದೆ ಬಿಟ್ಟರು. ಆರು ತಿಂಗಳ ನಂತರ ಬರಬಹುದು.

ಇದು ಆಗಿ ಹದಿನೈದು ದಿನವಾಗಿಲ್ಲ. ಮೊನ್ನೆ ಯಲ್ಲಾಪುರದ ಕಡೆಯ ನಂದೊಳ್ಳಿಯಿಂದ ಫೋನ್ ಬಂತು. ಭಾವನ ಚಿಕ್ಕಪ್ಪನ ಮಗ. ಅವರ ತಾಯಿ ಮೊಬೈಲಿನಲ್ಲಿ ಅದೇ ವಿಡಿಯೋ ನೋಡಿ, ಊರಲ್ಲಿ ಏನೂ ಆಗದಿದ್ದರೂ, ಅಂಗಳದ ಚಪ್ಪರದ ಕೆಳಗೆ ಹೋಗಿ ಕುಳಿತಿದ್ದಾರಂತೆ. ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ಭೂಮಿಯ ಮೇಲ್ಪದರ ಹಲವು ಫಲಕಗಳಿಂದ ಆದದ್ದು..." ಎಂದು ಶುರುಮಾಡಿದೆ.

"ಅದೆಲ್ಲಾ ಬ್ಯಾಡ," ಎಂದರು ಅವರು. "ಮನ್ಮನೆ ಅಣ್ಣಯ್ಯ ಹೇಳಿದ್ದ. ನಿಂಗ ಎಂತದೂ ಹೇಳದು ಬ್ಯಾಡ್ದಡ. ಸುಮ್ನೆ ಬಂದು ಹೊಸಿಲ ಮೇಲೆ ನಿಂತ್ರೆ ಸಾಕಡ."

ಬರುವ ರವಿವಾರ ಬರುತ್ತೇನೆ ಎಂದಿದ್ದೇನೆ. ಒಪ್ಪಿಕೊಂಡಾಗಿನಿಂದ ನಿದ್ದೆ ಇಲ್ಲ. ಅಕ್ಕನಾದರೋ ನನ್ನನ್ನು ಎತ್ತಿ ಆಡಿಸಿದವಳು, ಅವಳು ತನ್ನ ಹೆದರಿಕೆಯನ್ನು ಬದಿಗಿಡಲು ನನ್ನ ಹೆದರಿಕೆ ಸಾಕಾಯಿತು. ಈ ನಂದೊಳ್ಳಿಯ ಅಮ್ಮ ನನ್ನನ್ನು ನೋಡಿದವರೇ ಅಲ್ಲ. ಅವರ ಹೆದರಿಕೆ ಎಷ್ಟು ದೊಡ್ಡದಿದೆಯೋ ಏನೋ, ಅದರ ಎದುರು ನನ್ನದು ಕಡಿಮೆ ಬಿದ್ದರೆ ಏನು ಮಾಡುವುದು ಎಂದು ಈಗ ನನಗೆ ಹೆದರಿಕೆಯಾಗಿದೆ.